ಬಾಯೊಂದು ಕಡೆ, ಮಾತೊಂದು ಕಡೆ

ಅಜ್ಜಿ ಬಾಯಿ ಮುಚ್ಚಿದ ಮೇಲೂ ಅಜ್ಜಿಯ ಮಾತು ಮುಗಿಯಲಿಲ್ಲ — ಪರದೆಯ ಮೇಲೆ ಅಜ್ಜಿ ತುಟಿ ಬಿಗಿದು ಕೇಕು ಅಗಿಯುತ್ತಿದ್ದಾಳೆ, ಸ್ಪೀಕರಿನಲ್ಲಿ ಅದೇ ಅಜ್ಜಿ ನಂಗ್ಯಾಕ್ರೋ ಇಷ್ಟು ದೊಡ್ಡ ತುಂಡು, ಇರೋ ನಾಲ್ಕು ಹಲ್ಲಿಗೆ ಇದನ್ನ ಹಂಚೋದು ಹೇಗೆ ಎಂದು ಗೊಣಗುತ್ತಿದ್ದಾಳೆ, ಯಾವ ಬಾಯಿಂದ? ಸುಳ್ಳಲ್ಲ, ಬೆಳಗಿನಿಂದ ಇದನ್ನೇ ನೋಡುತ್ತಿದ್ದಾಳೆ ಮೊಮ್ಮಗಳು, ಹಿಂದಕ್ಕೆ ಎಳೆದು, ಮತ್ತೆ ಬಿಟ್ಟು, ಮತ್ತೆ ಎಳೆದು, ಚಿಕ್ಕಪ್ಪನ ಸ್ಟುಡಿಯೋದ ಫ್ಯಾನು ತಲೆ ಮೇಲೆ ಕಿರ್ರೆನ್ನುತ್ತಿದೆ, ಟೇಪು ನುಂಗಿದ ಹಳೆಯ ವಿಸಿಆರ್ ಮುದುಕನಂತೆ ಗೂರುತ್ತಿದೆ, ಕಂಪ್ಯೂಟರಿನಲ್ಲಿ ಚಿತ್ರದ ಪಟ್ಟಿ ಇಲ್ಲಿಗೆ ಮುಗಿದರೆ ಧ್ವನಿಯ ಪಟ್ಟಿ ಅಲ್ಲಿಯವರೆಗೆ ಚಾಚಿಕೊಂಡಿದೆ, ಗಿಡ್ಡ ಚಾಪೆಯ ಮೇಲೆ ಉದ್ದನೆಯ ಮನುಷ್ಯ ಮಲಗಿದ ಹಾಗೆ. ಎರಡೂ ಒಂದೇ ಉದ್ದ ಇಲ್ಲದಿದ್ದರೆ ಡಿವಿಡಿ ಆಗಲ್ಲ ಎಂದು ಯಂತ್ರ ಹಟ ಹಿಡಿದಿದೆ, ಹಾಗಾದರೆ ಕತ್ತರಿಸಬೇಕು, ಬಾಲ ಕತ್ತರಿಸಿದರೆ ಆಯಿತಪ್ಪ, ಅಲ್ಲೇನಿದೆ, ಬರೀ ಸರ್ ಸರ್ ಸದ್ದು, ಚಿತ್ರವೇ ಇಲ್ಲದ ಖಾಲಿ ಟೇಪು — ಆದರೆ ಬಾಲ ಹೋದರೂ ಬಾಯಿ ಸರಿಹೋಗುವುದಿಲ್ಲವಲ್ಲ. ಧ್ವನಿಯನ್ನು ಎಳೆದು ನೋಡಿದಳು, ಅಜ್ಜಿ ಅಜ್ಜನಾದಳು. ಕುಗ್ಗಿಸಿ ನೋಡಿದಳು, ಅಮ್ಮ ಅಳಿಲಾದಳು. ವೇಗದ ಲೆಕ್ಕ ತಪ್ಪಿದ್ದರೆ ಹೋಗುತ್ತಾ ಹೋಗುತ್ತಾ ಒಂದೇ ಸಮನೆ ದೂರವಾಗಬೇಕು ತಾನೆ, ಹಾಗಂತ ಕಲಿಸಿದ್ದು ಚಿಕ್ಕಪ್ಪನೇ, ಇದು ಒಮ್ಮೆ ಮುಂದೆ ಓಡುತ್ತದೆ ಒಮ್ಮೆ ಹಿಂದೆ ಬೀಳುತ್ತದೆ, ಕುಡಿದವನ ನಡಿಗೆ, ಎಲ್ಲಿ ಹಿಡಿಯುವುದು ಎಲ್ಲಿ ಬಿಡುವುದು.

ಚಿಕ್ಕಪ್ಪ ಹಿಂದೆ ಸ್ಟೂಲಿನ ಮೇಲೆ ಕೂತಿದ್ದಾನೆ, ಕುತ್ತಿಗೆಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು, ಮಾತಿಲ್ಲ, ಇನ್ನು ಮಾತೇ ಇಲ್ಲ, ಗಂಟಲು ಕೊಯ್ದ ಡಾಕ್ಟರು ಜೀವ ಉಳಿಸಿ ಧ್ವನಿ ಇಟ್ಟುಕೊಂಡರು. ಇಡೀ ಬಳಗವನ್ನು ಗಂಟಲಲ್ಲಿ ಇಟ್ಟುಕೊಂಡು ತಿರುಗುತ್ತಿದ್ದವನು, ಫೋನಿನಲ್ಲಿ ಮಾವನಾಗಿ ಅತ್ತೆಯನ್ನು ಬೈದವನು, ಅಜ್ಜಿಯಾಗಿ ಅಪ್ಪನನ್ನು ಅಂಗಡಿಗೆ ಓಡಿಸಿದವನು, ಈಗ ಚಪ್ಪಾಳೆ ತಟ್ಟಿ ಕರೆಯುತ್ತಾನೆ. ಅವನ ಒಂದು ಮಾತಾದರೂ ಬೇಕು ಅವಳಿಗೆ, ಅವನದೇ ದನಿಯ ಒಂದು ಮಾತು, ಅದಕ್ಕೇ ಈ ಟೇಪು, ಅಜ್ಜಿಯ ಎಪ್ಪತ್ತರ ಹುಟ್ಟುಹಬ್ಬ, ಬೇರೆ ಟೇಪೆಲ್ಲ ಬೂಷ್ಟು ಹಿಡಿದು ಅಂಟಿಕೊಂಡಿವೆ. ಆದರೆ ಚಿಕ್ಕಪ್ಪ ಅವತ್ತೂ ಕ್ಯಾಮೆರಾ ಹಿಂದೆ, ಯಾವತ್ತೂ ಕ್ಯಾಮೆರಾ ಹಿಂದೆ, ಕಣ್ಣು ಅವನದು ಬಾಯಿ ಮಿಕ್ಕವರದು, ಎಲ್ಲರೂ ಮಾತಾಡುತ್ತಾರೆ, ಅವನೊಬ್ಬನೇ ಇಲ್ಲ — ಅವನಿದ್ದ ತುಣುಕೇ ಹಾರಿಹೋಗಿದೆಯೇ, ಅದಕ್ಕೇ ಉದ್ದ ತಪ್ಪಿದೆಯೇ, ನಾನೇ ಕಳೆದೆನೇ? ಹಿಂದೆ ಅವನ ಭುಜ ಅಲುಗಿತು. ಕೆಮ್ಮು ಬಂತಾ ಚಿಕ್ಕಪ್ಪ, ನೀರು ಕೊಡ್ಲಾ? ಬೇಡ ಎಂದು ಕೈ ಆಡಿಸಿದ, ಮುಖ ಮಾತ್ರ ಗೋಡೆಗೆ ತಿರುಗಿಸಿಕೊಂಡ. ನೋವಿರಬೇಕು ಪಾಪ, ಅವಳಿಗೆ ಕಣ್ಣು ತುಂಬಿತು, ಪರದೆಯಲ್ಲಿ ಅಮ್ಮ ಕೈ ಬೀಸಿ ಹೊಟ್ಟೇಲಿ ಹುಳ ಬಿದ್ದಿದೆಯೇನ್ರೋ ನಿಮ್ಗೆ, ತಟ್ಟೆನಾದ್ರೂ ಬಿಡ್ರೋ ಎನ್ನುತ್ತಿದ್ದಾಳೆ, ಅಲ್ಲ, ಕೈ ಬೀಸಿ ಮುಗಿದ ಮೇಲೆ ಎನ್ನುತ್ತಿದ್ದಾಳೆ, ಬಾಯಿ ತೆರೆದೇ ಇಲ್ಲ.

ಅಮ್ಮನ ಫೋನು. ಏನೇ, ಆಯ್ತೇನೇ ನಿನ್ನ ಡಿವಿಡಿ? ಇಲ್ಲಮ್ಮ, ನಿನ್ನ ಬಾಯಿಗೂ ಮಾತಿಗೂ ತಾಳೆ ಆಗ್ತಿಲ್ಲ. ಅದು ನಿಮ್ಮಪ್ಪ ಮದುವೆಯಾದಾಗಿಂದ ಹೇಳ್ತಿರೋದು, ಹೊಸದೇನಲ್ಲ ಬಿಡು. ತಮಾಷೆ ಅಲ್ಲಮ್ಮ, ಕೇಳು ಇಲ್ಲಿ — ಫೋನನ್ನು ಸ್ಪೀಕರಿಗೆ ಹಿಡಿದಳು, ತಟ್ಟೆನಾದ್ರೂ ಬಿಡ್ರೋ, ಇನ್ನೊಂದ್ಸಲ ಹಾಕೇ ಎಂದಳು ಅಮ್ಮ, ಮತ್ತೆ ಹಾಕಿದಳು. ಲೇ, ಅವತ್ತು ನಂಗೆ ಗಂಟಲು ಕಟ್ಟಿತ್ತು ಕಣೇ, ಒಂದಕ್ಷರ ಹೊರಡ್ತಿರ್ಲಿಲ್ಲ, ಇಡೀ ದಿನ ಕೈಸನ್ನೆಯಲ್ಲೇ ಬಡಿಸಿದ್ದೀನಿ, ಅದ್ಯಾರೇ ನನ್ನ ಹಾಗೆ ಬೈತಿರೋದು?

ಯಾರು. ಫೋನು ಮಡಿಲಿಗೆ ಜಾರಿತು, ಯಾರು ಅಂದರೆ, ಅಮ್ಮ ಮಾತಾಡಿಲ್ಲ ಅಂದರೆ, ಕಣ್ಣು ಮುಚ್ಚಿ ಕೇಳಿದಳು, ಚಿತ್ರ ಬೇಡ, ಬರೀ ಕಿವಿ — ಅಮ್ಮ ಬೈಯುವ ಮುಂಚೆ ನಾಲಗೆಯ ಒಂದು ಚ್, ಅಜ್ಜಿ ಗೊಣಗುವ ಮುಂಚೆ ಅದೇ ಚ್, ಮಾವ, ಅತ್ತೆ, ಅಪ್ಪ, ಅವಳೇ, ಎರಡು ಜಡೆಯ ಪುಟ್ಟ ಅವಳು ಕೂಡ ಚ್ ಎಂದು ಶುರು ಮಾಡುತ್ತಾಳೆ, ಆ ಚ್ ಯಾರದೆಂದು ಅವಳಿಗೆ ಗೊತ್ತಿಲ್ಲವೇ, ಚಿಕ್ಕಪ್ಪ ಕಥೆ ಹೇಳುವ ಮುಂಚೆ, ಕೋಡಂಗಿ ಕೆಲಸ ಮಾಡುವ ಮುಂಚೆ. ತಿರುಗಿದಳು. ಚಿಕ್ಕಪ್ಪ ಆಗಲೇ ಎದ್ದು ವಿಸಿಆರ್ ಪಕ್ಕ ನಿಂತು ಒಂದು ಬಟನ್ನಿನ ಮೇಲೆ ಬೆರಳಿಟ್ಟಿದ್ದ, ಚಿತ್ರ ಹಾಗೇ ಇಟ್ಟು ಹೊಸ ಧ್ವನಿ ತುಂಬುವ ಬಟನ್ನು, ಒತ್ತಿ ಒತ್ತಿ ಅಕ್ಷರ ಅಳಿಸಿಹೋಗಿದೆ. ಹುಟ್ಟುಹಬ್ಬ ಮುಗಿದ ಮೇಲೆ ಇಲ್ಲೇ ಕೂತು, ಪರದೆ ನೋಡುತ್ತಾ, ಎಲ್ಲರ ಬಾಯಿಗೂ ತನ್ನ ಮಾತು ತುರುಕಿದ್ದಾನೆ, ಮತ್ತೆ ಟೇಪನ್ನು ತೆಪ್ಪಗೆ ಕಪಾಟಿಗಿಟ್ಟಿದ್ದಾನೆ, ಯಾರೂ ಹಾಕಿ ನೋಡಿಲ್ಲ, ಅವಳು ನೋಡಿದಳು, ನೋಡಿ ಬೆಳಗಿನಿಂದ ಅಳತೆಪಟ್ಟಿ ಹಿಡಿದಳು. ಅಯ್ಯೋ ಚಿಕ್ಕಪ್ಪ, ನೀನು ನೋಡ್ತಾ ಕೂತಿದ್ಯಲ್ಲೋ! ಕೆಮ್ಮು ಅಂದ್ಕೊಂಡು ನೀರು ಬೇರೆ ಕೇಳಿದೆನಲ್ಲೋ! ಹಾಗಾದರೆ ಬಾಲ, ಆ ಬಾಲದಲ್ಲಿ, ಕತ್ತರಿಸುತ್ತಿದ್ದೆನಲ್ಲ — ಪಟ್ಟಿಯನ್ನು ಕೊನೆಯತ್ತ ಓಡಿಸಿದಳು. ಚಿತ್ರ ಮುಗಿಯಿತು, ಪರದೆ ಕಪ್ಪು, ಸರ್ ಸರ್, ಸರ್ ಸರ್, ಆಮೇಲೆ ಒಂದು ಚ್, ಆಮೇಲೆ ನಗು, ಯಾರ ಹಾಗೂ ಅಲ್ಲದ ನಗು, ರೆಕಾರ್ಡಿಂಗ್ ನಿಲ್ಲಿಸಲು ಮರೆತು ನಕ್ಕ ಅವನದೇ ನಗು. ವಿಸಿಆರ್ ಪಕ್ಕ ಚಿಕ್ಕಪ್ಪನ ಬಾಯಿ ತೆರೆದಿದೆ, ಭುಜ ಕುಣಿಯುತ್ತಿದೆ, ಸದ್ದಿಲ್ಲ, ಸದ್ದು ಸ್ಪೀಕರಿನಲ್ಲಿದೆ, ಮಡಿಲಿನ ಫೋನಿನಲ್ಲಿ ಅಮ್ಮ ಏನಾಯ್ತೇ, ಯಾರೇ ಅದು ಎಂದು ಕೂಗುತ್ತಿದ್ದಾಳೆ, ಮಗಳ ನಗು ಫ್ಯಾನನ್ನೂ ಸ್ಪೀಕರನ್ನೂ ಅಮ್ಮನನ್ನೂ ಮುಳುಗಿಸಿಬಿಟ್ಟಿದೆ, ಕಣ್ಣೀರಿನಾಚೆ ಆ ಬಾಯಿ, ತೆರೆದ ಬಾಯಿ, ಸ್ಪೀಕರಿನ ನಗು ಏರಿದಾಗ ಅಗಲವಾಗುವ, ಇಳಿದಾಗ ಕಿರಿದಾಗುವ, ಒಂದಿಷ್ಟೂ ಹಿಂದೆ ಬೀಳದ, ಒಂದಿಷ್ಟೂ ಮುಂದೆ ಓಡದ ಬಾಯಿ —