ರಸ್ತಾ ಸೀನಿನ ಮೇಲೆ ಬಿದ್ದ ನೀರು

ನಾನು ನಾಟಕದ ಒಂದು ಪರದೆ. ಕಂಪನಿ ನಾಟಕದವರ ಮಾತಿನಲ್ಲಿ ರಸ್ತಾ ಸೀನು. ಗಜೇಂದ್ರಗಡದ ಒಂದು ಗೋದಾಮಿನ ನೆಲದ ಮೇಲೆ ಮಾದರಪಾಟ ಬಟ್ಟೆ ಹಾಸಿ, ಬಣ್ಣದ ಪುಡಿಯನ್ನು ಹುಣಸೆ ಬೀಜದ ಅಂಟಿನಲ್ಲಿ ಕಲಸಿ, ಮಳಿಯಪ್ಪ ಚಿತ್ರಗಾರ ಎಂಬವರು ನನ್ನನ್ನು ಬರೆದರು. ಎರಡು ಬದಿಗೂ ಮಹಡಿ ಮನೆಗಳು, ದೀಪದ ಕಂಬಗಳು, ದೂರಕ್ಕೆ ಕಿರಿದಾಗುತ್ತ ಹೋಗುವ ಬೀದಿ. ಬೀದಿಯ ಕೊನೆಗೆ ಗಡಿಯಾರದ ಗೋಪುರ. ಅಂಥ ಗೋಪುರ ಆ ಊರಲ್ಲಿ ಇರಲಿಲ್ಲ. ಮಳಿಯಪ್ಪನವರು ಅದನ್ನು ಮುಂಬಯಿಯಿಂದ ಬಂದ ಒಂದು ಕ್ಯಾಲೆಂಡರಿನಲ್ಲಿ ನೋಡಿದ್ದರು.

ರಾಜರು ನನ್ನ ಮುಂದೆ ನಿಲ್ಲುತ್ತಿರಲಿಲ್ಲ. ಅವರಿಗೆ ದರ್ಬಾರ ಸೀನು ಇತ್ತು. ಒಳಗೆ ಸಿಂಹಾಸನ ಜೋಡಿಸುವ ಹೊತ್ತಿನಲ್ಲಿ ಜನ ಬೇಸರಪಡಬಾರದೆಂದು ನನ್ನನ್ನು ಇಳಿಬಿಟ್ಟು, ಮುಂದೆ ಹಾಸ್ಯ ಆಡಿಸುತ್ತಿದ್ದರು. ದೂತರು, ಕುಡುಕರು, ಜಗಳಗಂಟಿ ದಾಸಿಯರು ನನ್ನ ಬೀದಿಯಲ್ಲಿ ಬಂದು ಹೋದರು. ಜನ ನಕ್ಕರೆ ನನಗೂ ಒಂದು ಪಾಲು ಸಂದಂತೆ ಅನಿಸುತ್ತಿತ್ತು.

ಕಂಪನಿ ನಷ್ಟಕ್ಕೆ ಬಿದ್ದು ಮುಚ್ಚಿತು. ಊರಿನ ನಾಟ್ಯ ಸಂಘದವರು ಸಾಮಾನುಗಳನ್ನು ಕೊಂಡರು. ದರ್ಬಾರ ಸೀನನ್ನು ಗೆದ್ದಲು ತಿಂದಿತು. ಅಡವಿ ಸೀನನ್ನು ಯಾರೋ ಶೇಂಗಾ ಚೀಲಗಳ ಮೇಲೆ ಹೊದಿಸಲು ಒಯ್ದವರು ತಿರುಗಿ ತರಲಿಲ್ಲ. ನಾನೊಂದೇ ಉಳಿದೆ. ಅದಕ್ಕೆ ಕಾರಣ ತುಂಗವ್ವ.

ತುಂಗವ್ವ ಅದೇ ಕಂಪನಿಯಲ್ಲಿ ದಾಸಿಯ ಪಾತ್ರ ಮಾಡುತ್ತಿದ್ದವಳು. ಕಂಪನಿ ಮುಚ್ಚಿದ ಮೇಲೆ ಊರಲ್ಲೇ ನಿಂತಳು. ಸಂಘದವರು ಸಾಮಾನು ಕೋಣೆಯ ಕೀಲಿಯನ್ನು ಆಕೆಗೆ ಕೊಟ್ಟರು. ಸಂಬಳ ಕೊಡಲಿಲ್ಲ, ಆಕೆ ಕೇಳಲೂ ಇಲ್ಲ. ದೀಪಾವಳಿ ಮುಗಿದ ಮೇಲೆ ನನ್ನನ್ನು ಸಭಾಂಗಣದಲ್ಲಿ ಬಿಚ್ಚಿ ಹಾಸಿ, ಒಣ ಬಟ್ಟೆಯಿಂದ ಧೂಳು ಒರೆಸುತ್ತಿದ್ದಳು. ನೀರು ತಾಗಿಸುತ್ತಿರಲಿಲ್ಲ. ನೀರು ಬಿದ್ದರೆ ನನ್ನ ಅಂಟು ಬಿಡುತ್ತದೆ. ಮಳೆಗಾಲದಲ್ಲಿ ತಗಡಿನ ಮಾಡು ಎಲ್ಲಿ ಸೋರುತ್ತದೋ ನೋಡಿ, ನನ್ನನ್ನು ಆ ಮೂಲೆಯಿಂದ ಈ ಮೂಲೆಗೆ ಸರಿಸುತ್ತಿದ್ದಳು.

"ಏನಬೇ, ಬಾಣಂತಿಗೆ ಮಗ್ಗಲಾ ಬದಲಿಸಿದಂಗ ಬದಲಿಸ್ತಿ?" ಎಂದು ತಬಲಾ ಬಾರಿಸುವವನು ಚೇಷ್ಟೆ ಮಾಡಿದ್ದ.

"ಬಾಣಂತಿ ಮೂರ ತಿಂಗಳಿಗೆ ಎದ್ದ ಓಡ್ಯಾಡ್ತಾಳ. ಇದು ನನ್ನ ಸಾಯಿಸಿದ ಮ್ಯಾಲೂ ಹಿಂಗ ಮಲಗಿರ್ತೈತಿ," ಎಂದಿದ್ದಳು ತುಂಗವ್ವ.

ಸಂಘದ ಕಾರ್ಯದರ್ಶಿ ಅಂದಾನೆಪ್ಪನವರಿಗೆ ಬಜಾರಿನಲ್ಲಿ ಅರಿವೆ ಅಂಗಡಿ ಇದೆ. ಅವರು ಕೆಟ್ಟವರಲ್ಲ. ಈ ಮಾತನ್ನು ನಾನು ಈಗಲೂ ಹೇಳುತ್ತೇನೆ. ತಗಡು ತುಕ್ಕು ಹಿಡಿದು, ಸರಿಸಲು ಒಣಗಿದ ಮೂಲೆ ಸಿಗುವುದೇ ಕಷ್ಟವಾದಾಗ, ಬೆಂಗಳೂರಿನ ಒಂದು ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಲಾಭಕ್ಕಾಗಿ ನಡೆಸದ ಕಲಾ ಸಂಘಗಳಿಗೆ, ಹಳೆಯ ವಸ್ತುಗಳನ್ನು ಉಳಿಸಿಕೊಳ್ಳಲು ಅದು ಅನುದಾನ ಕೊಡುತ್ತಿತ್ತು. ಬರೀ ಮಾಡಿನ ರಿಪೇರಿಗೆ ಕೊಡುತ್ತಿರಲಿಲ್ಲ. ನನ್ನ ಹೆಸರಿನಲ್ಲಿ ಕೊಟ್ಟರೆ ನನಗೊಂದು ಸೋರದ ಕೋಣೆ ಕಟ್ಟಿಸಬಹುದಿತ್ತು.

ಅರ್ಜಿ ತಿರಸ್ಕಾರವಾಯಿತು. ಕಳಿಸಿದ ಫೋಟೋಗಳಲ್ಲಿ ಪರದೆ ಸುಸ್ಥಿತಿಯಲ್ಲಿ ಕಾಣುತ್ತಿದೆ, ತುರ್ತು ಅಗತ್ಯ ತೋರುವುದಿಲ್ಲ ಎಂದಿದ್ದರು. ಅಂದಾನೆಪ್ಪನವರು ಅದನ್ನು ಸಭೆಯಲ್ಲಿ ಓದಿ ಹೇಳಿದಾಗ ತುಂಗವ್ವ ಬಿದ್ದು ಬಿದ್ದು ನಕ್ಕಳು.

"ಅಂದ್ರ ನಾ ಪಾಸಾದೆ, ನೀ ಫೇಲಾದಿ."

ಅವರು ನಗಲಿಲ್ಲ.

ಮರುವರ್ಷ ಅವರು ಮತ್ತೆ ಅರ್ಜಿ ಹಾಕಿದಾಗ, ಈ ಸಲ ನಾವೇ ಬಂದು ನೋಡುತ್ತೇವೆ ಎಂದು ಪ್ರತಿಷ್ಠಾನದವರು ಬರೆದರು. ಶ್ರಾವಣದಲ್ಲಿ ತುಂಗವ್ವ ಇಳಕಲ್ಲಿನ ತಂಗಿಯ ಮನೆಗೆ ಹೋದಳು. ಆಗ ಅಂದಾನೆಪ್ಪನವರು ಸಂಘದ ಇನ್ನೊಬ್ಬರನ್ನು ಕರೆತಂದು, ನನ್ನ ಸುರುಳಿಯನ್ನು ಎತ್ತಿ ಹೆಚ್ಚು ಸೋರುವ ಜಾಗದಲ್ಲಿ ಇಟ್ಟರು.

"ಒಂದ ಮಳಿ ಸಾಕು. ಸ್ವಲ್ಪ ಗುರುತು ಬಿದ್ರ ಆತು," ಎಂದರು.

ಮಳೆ ಅವರ ಲೆಕ್ಕದಂತೆ ಬರಲಿಲ್ಲ. ಹಗಲು ರಾತ್ರಿ ಜಡಿಯಿತು. ಆಕಾಶದ ನೀಲಿ ಕರಗಿ ಗೋಪುರದ ಮೇಲೆ ಇಳಿಯಿತು. ಗಡಿಯಾರದ ಮುಖ ಅಳಿಸಿಹೋಯಿತು. ಎಡಗಡೆಯ ಮನೆಗಳ ಬಣ್ಣ ಒಂದಕ್ಕೊಂದು ಹತ್ತಿಕೊಂಡಿತು.

ತುಂಗವ್ವ ಬಂದು ನನ್ನನ್ನು ಬಿಚ್ಚಿ ನೋಡಿದಳು. ಅಳಲಿಲ್ಲ, ಬೈಯಲಿಲ್ಲ. ಒದ್ದೆ ಬಟ್ಟೆಯ ಮೇಲೆ ಅಂಗೈ ಇಟ್ಟುಕೊಂಡೇ ಕೇಳಿದಳು, "ಇದನ್ನ ಇಲ್ಲಿ ಇಟ್ಟವರು ಯಾರು?"

"ನಾನ ರೀ ಅಕ್ಕಾರ," ಎಂದರು ಅಂದಾನೆಪ್ಪನವರು. "ನೀವು ಚಂದಂಗಿ ಇಟ್ರಿ ಅಂತ ರೊಕ್ಕ ಬರಲಿಲ್ಲ. ಇಷ್ಟು ಹಾಳಾಗತೈತಿ ಅಂತ ನನಗ ತಿಳೀಲಿಲ್ರಿ."

"ಹೆಂಗಸು ಮನ್ಯಾಗ ಇಲ್ಲದಾಗ ಕೂಸಿನ ಕುತಗಿ ಹಿಚುಕಿದಂಗ ಮಾಡೀಯಲ್ಲೋ."

"ನಾಳೆ ಅವರು ನೋಡಾಕ ಬರತಾರ. ಒಂದ ಮಾತು ನಡೆಸಿಕೊಡ್ರಿ. ಇಷ್ಟು ವರ್ಷ ನೀವು ಕಾದಿದ್ದು ಹೇಳಬ್ಯಾಡ್ರಿ. ಕಾದಿದ್ರ ಹೆಂಗ ಹಾಳಾತು ಅಂತ ಕೇಳತಾರ. ಅದಕ್ಕ ನಾ ಏನ ಹೇಳಲಿ?"

"ಖರೇ ಹೇಳು."

ಅವರು ತಲೆ ತಗ್ಗಿಸಿದರು. "ಖರೇ ಹೇಳಿದ್ರ ಸಂಘದ ಹೆಸರ ಹೋತು, ರೊಕ್ಕಾನೂ ಹೋತು. ಈ ಪರದೇನೂ ಉಳಿಯಾಂಗಿಲ್ರಿ."

ತುಂಗವ್ವ ನನ್ನನ್ನು ಒಣ ಜಾಗಕ್ಕೆ ಎಳೆದುಕೊಂಡು ಹೋದಳು.

ಮರುದಿನ ಪ್ರತಿಷ್ಠಾನದಿಂದ ನಂದಿತಾ ಎಂಬ ಮೇಡಂ ಬಂದರು. ಕೈಗೆ ತೆಳು ಗವಸು ಹಾಕಿಕೊಂಡು, ಮೊಣಕಾಲೂರಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ನಿಜವಾದ ನೋವಿತ್ತು. ಸುತ್ತ ಸಂಘದವರು, ಹಿಂದೆ ಗೋಡೆಗೆ ಒರಗಿ ತುಂಗವ್ವ.

"ಎಷ್ಟು ಚೆನ್ನಾಗಿ ಬರ್ದಿದಾರೆ. ಇದನ್ನ ನೋಡ್ಕೊಳ್ಳೋರು ಯಾರೂ ಇರ್ಲಿಲ್ವಾ?"

ಅಂದಾನೆಪ್ಪನವರು ಚಪ್ಪಲಿ ನೋಡುತ್ತಿದ್ದರು. ತುಂಗವ್ವ ನನ್ನನ್ನು ನೋಡಿದಳು. ನಾನಿದ್ದೆ ಎಂದರೆ ಆಕೆಯ ಹೆಸರು ಉಳಿಯುತ್ತಿತ್ತು. ನಾನು ಅದೇ ಸೋರುವ ಮಾಡಿನ ಕೆಳಗೆ ಉಳಿಯುತ್ತಿದ್ದೆ. ಆಕೆ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಯಾರೂ ಇದ್ದಿಲ್ರಿ. ಹಂಗ ಮೂಲ್ಯಾಗ ಬಿದ್ದಿತ್ತು."

"ನೀವು?"

"ನಾ ಕಸಾ ಹೊಡಿಯಾಕಿ ರೀ."

ಹಾಸ್ಯದ ಪಾತ್ರದಲ್ಲಿ ಆಕೆ ಆಡಿದ ಸುಳ್ಳುಗಳನ್ನೆಲ್ಲ ನಾನು ಬೆನ್ನ ಹಿಂದೆ ನಿಂತು ಕೇಳಿದ್ದೇನೆ. ಅವು ಸುಳ್ಳೆಂದು ಎದುರಿಗೆ ಕುಳಿತವರಿಗೆ ಗೊತ್ತಿರುತ್ತಿತ್ತು. ಅಂದು ಎದುರಿಗಿದ್ದವರು ನಂಬಿದರು. ನಂಬುವುದಕ್ಕೆ ಆಧಾರವಾಗಿ ನಾನೇ ಅಲ್ಲಿ ಹಾಸಿ ಬಿದ್ದಿದ್ದೆ.

ಅನುದಾನ ಬಂತು. ಮೈಸೂರಿನಿಂದ ತಿಳಿದವರು ಬಂದು, ಉಳಿದ ಬಣ್ಣವನ್ನು ಉದುರದಂತೆ ನಿಲ್ಲಿಸಿ, ಬೆನ್ನಿಗೆ ಹೊಸ ಬಟ್ಟೆ ಕೊಟ್ಟರು. ಗಡಿಯಾರದ ಮುಖವನ್ನು ಮತ್ತೆ ಬರೆಯಲಿಲ್ಲ. ಇಲ್ಲದ್ದನ್ನು ಊಹಿಸಿ ಬರೆಯಬಾರದು ಎಂದರು. ಅದು ಸರಿಯಾದ ಮಾತು. ಕಾಂಕ್ರೀಟಿನ ಕೋಣೆ ಎದ್ದಿತು. ನನ್ನನ್ನು ಗೋಡೆಗೆ ಹರಡಿ, ಮುಂದೆ ಹಗ್ಗ ಕಟ್ಟಿದರು. ಪಕ್ಕದಲ್ಲಿ ಬೋರ್ಡು ಹಾಕಿದರು: "ದಶಕಗಳ ನಿರ್ಲಕ್ಷ್ಯದಿಂದ ನಶಿಸುತ್ತಿದ್ದ ಈ ಪರದೆಯನ್ನು ಅನುದಾನದ ನೆರವಿನಿಂದ ಸಂರಕ್ಷಿಸಲಾಗಿದೆ."

ಆ ಸಾಲಿನಲ್ಲಿ ಅನುದಾನ ನಿಜ, ಸಂರಕ್ಷಣೆ ನಿಜ. ನಿರ್ಲಕ್ಷ್ಯ ಸುಳ್ಳು. ನಾನು ಹಾಳಾದದ್ದು ದಶಕಗಳಲ್ಲಿ ಅಲ್ಲ, ಒಂದು ಮಳೆಯಲ್ಲಿ. ಇದನ್ನು ಬಲ್ಲವರು ಸುಮ್ಮನಿದ್ದಾರೆ. ಅಂದಾನೆಪ್ಪನವರು ಈ ಕೋಣೆಗೆ ಅಪರೂಪಕ್ಕೆ ಬರುತ್ತಾರೆ. ಬಂದರೂ ನನ್ನ ಕಡೆಗೆ ತಿರುಗುವುದಿಲ್ಲ. ನಾನಂತೂ ಎಲ್ಲಿಗೂ ತಿರುಗಲಾರೆ. ಇನ್ನು ಸುತ್ತಿಡಬಾರದೆಂದು ಮೈಸೂರಿನವರು ಹೇಳಿ ಹೋಗಿದ್ದಾರೆ. ಬಂದವರೆಲ್ಲ ನನ್ನ ಮೇಲಿನ ನೀರಿನ ಗುರುತು ನೋಡಿ, ಬೋರ್ಡು ಓದಿ, ತಲೆಯಾಡಿಸಿ ಹೋಗುತ್ತಾರೆ. ನಾನು ಸೋರದ ಕೋಣೆಯಲ್ಲಿ ಬೆಚ್ಚಗಿದ್ದೇನೆ. ಒಬ್ಬ ಹೆಂಗಸಿನ ಮರ್ಯಾದೆಯನ್ನು ಹೊದ್ದು ಬೆಚ್ಚಗಿದ್ದೇನೆ ಎಂಬ ನಾಚಿಕೆ ನನ್ನನ್ನು ಬಿಟ್ಟಿಲ್ಲ.

ಮೊನ್ನೆ ತುಂಗವ್ವ ಬಂದಿದ್ದಳು. ಅದೇ ಹೊತ್ತಿಗೆ ಶಾಲೆಯ ಮಕ್ಕಳನ್ನು ಕರೆತಂದಿದ್ದ ಮಾಸ್ತರರೊಬ್ಬರು ಬೋರ್ಡನ್ನು ಗಟ್ಟಿಯಾಗಿ ಓದಿ, ಪಕ್ಕದಲ್ಲಿದ್ದ ಆಕೆಗೇ ಹೇಳಿದರು, "ಎಂಥಾ ಬ್ಯಾಜವಾಬ್ದಾರಿ ಮಂದಿ ಇದ್ರು ನೋಡ್ರಿ ಅಜ್ಜಿ."

"ಹೂಂ ರೀ," ಎಂದಳು ತುಂಗವ್ವ. "ಅವರಿಗೆ ಇದರ ಬೆಲಿ ತಿಳೀಲಿಲ್ಲ."

ಅವರು ಹೋದ ಮೇಲೆ ನನ್ನ ಕೆಳ ಅಂಚಿನಲ್ಲಿ ಕೂತಿದ್ದ ಧೂಳು ಆಕೆಯ ಕಣ್ಣಿಗೆ ಬಿತ್ತು. ಸೆರಗಿನ ತುದಿ ಹಿಡಿದು ಹಗ್ಗದೊಳಗೆ ಕೈ ಚಾಚಿದಳು.

"ಮುಟ್ಟಬ್ಯಾಡ್ರಿ ಯವ್ವಾ," ಎಂದ ಹೊಸ ಕಾವಲುಗಾರ. "ಬೋರ್ಡ ಓದ್ರಿಲ್ಲೋ?"

"ಓದೇನಪಾ," ಎಂದು ಆಕೆ ಕೈ ಹಿಂದಕ್ಕೆ ತೆಗೆದುಕೊಂಡಳು.