ಹನ್ನೊಂದು ಗಂಟೆಯ ಕೆರೆ

ಕೆರೆಯ ನೀರು ದಿನಕ್ಕೆ ನಾಲ್ಕು ಬೆರಳು ಇಳಿಯುತ್ತಿತ್ತು. ಒಂದು ಬೆರಳು ಬಿಸಿಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು. ಉಳಿದ ಮೂರು ಬೆರಳಿನ ಲೆಕ್ಕ ಯಾರಿಗೂ ಸಿಕ್ಕಿರಲಿಲ್ಲ. ಏರಿಯ ಹೊರಮೈಯಲ್ಲಿ ಅಂಗೈಯಗಲ ಒದ್ದೆಯೂ ಇಲ್ಲ. ನೀರು ಎಲ್ಲೋ ಒಳಗೊಳಗೇ ನುಸುಳುತ್ತಿದೆ. ಕೆಳಗಿನ ಹೊಲದವರೆಲ್ಲ ಸೇರಿ ಒಂದು ಮಾತಿಗೆ ಬಂದರು: ಐದು ದಿನದಲ್ಲಿ ತೂತು ಸಿಕ್ಕದಿದ್ದರೆ ಆರನೆಯ ಬೆಳಿಗ್ಗೆ ತೂಬು ತೆರೆದು ಕೆರೆ ಬರಿದು ಮಾಡುವುದು, ಕಲ್ಲು ಕಿತ್ತು ಹುಡುಕುವುದು. ಹಾಗೆ ಮಾಡಿದರೆ ಏರಿ ಉಳಿಯುತ್ತದೆ, ಪೈರು ಉಳಿಯುವುದಿಲ್ಲ.

ತೂತು ಕಾಣಬಲ್ಲ ಕಣ್ಣು ಊರಿನಲ್ಲಿ ಒಂದೇ ಜೊತೆ. ಮೂವತ್ತೊಂದು ವರ್ಷ ಆ ತೂಬಿನ ಬಾಗಿಲನ್ನು ಏರಿಸಿ ಇಳಿಸಿದವಳನ್ನು ಜನ ತೂಬಿನಕ್ಕ ಎಂದೇ ಕರೆಯುತ್ತಿದ್ದರು. ಆದರೆ ಅವಳು ಸೊಂಟದ ಮೂಳೆ ಮುರಿದು, ಬಡಗಿ ತಮ್ಮನ ಮನೆಯ ನಡುಕೋಣೆಯಲ್ಲಿ ಮಂಚ ಹಿಡಿದು ಆರು ವಾರವಾಗಿತ್ತು. ಡಾಕ್ಟರು ಮಗ್ಗುಲಾಗುವುದಕ್ಕೂ ಅಪ್ಪಣೆ ಕೊಟ್ಟಿರಲಿಲ್ಲ.

"ಮಂಚದ ಸಮೇತ ಹೊತ್ಕೊಂಡು ಹೋಗ್ತೀವಿ, ಅಕ್ಕ" ಎಂದ ತಮ್ಮ.

"ಹೊತ್ಕೊಂಡು ಹೋದ್ರೆ ತೂತಿನ ಜೊತೆ ನನ್ನನ್ನೂ ಮುಚ್ಚಬೇಕಾಗುತ್ತೆ. ಕೆರೇನೇ ಇಲ್ಲಿಗೆ ತಗೊಂಡು ಬಾ."

"ಕೆರೆ ಅಂದ್ರೇನು, ಕೊಡ ಅಂದ್ಕೊಂಡ್ಯಾ?"

"ಒಂದಿಡೀ ಮದುವೇನ ತಟ್ಟೇಲಿ ಹಾಕ್ಕೊಡ್ತಾನಲ್ಲ ಆ ಸ್ಟುಡಿಯೋದವನು, ಅವನಿಗೆ ಹೇಳು. ಬೆಳಕು ಹರಿದಾಗಿಂದ ಬೆಳಕು ಹೋಗೋವರೆಗೂ, ಒಂದೇ ಕಡೆ ನಿಂತು, ರೆಪ್ಪೆ ಬಡೀದ ಹಾಗೆ."

ಸ್ಟುಡಿಯೋದವನು ಮೊದಲ ದಿನವೇ ತೂಬೂ ಏರಿಯ ಕಲ್ಲುಗಳೂ ಕಾಣುವ ಹಾಗೆ ಮೂರು ಕಾಲಿನ ಸ್ಟ್ಯಾಂಡ್ ಊರಿ ಕ್ಯಾಮರಾ ಇಟ್ಟ. ಹನ್ನೊಂದು ಗಂಟೆಯ ಕೆರೆ ಅದರೊಳಗೆ ಬಂತು. ಫಜೀತಿ ಶುರುವಾದದ್ದು ಆಮೇಲೆ. ಬಡಗಿಯ ಮನೆಯ ಟಿವಿಗೆ ಇದ್ದದ್ದು ಹಳೆಯ ಡಿವಿಡಿ ಪ್ಲೇಯರ್ ಒಂದೇ. ಬಡಗಿ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ಮಧ್ಯಾಹ್ನ ಊಟ ಕೊಡಲು ಬರುವ ಪಕ್ಕದ ಮನೆಯವಳಿಗೆ ಆ ಪೆಟ್ಟಿಗೆ ಮುಟ್ಟಲು ಹಾವಿನ ಬುಟ್ಟಿಗೆ ಕೈಹಾಕುವಷ್ಟು ಭಯ. ಡಿಸ್ಕ್ ಬದಲಾಯಿಸುವವರಿಲ್ಲ. ಹನ್ನೊಂದು ಗಂಟೆಯೂ ಒಂದೇ ಡಿಸ್ಕಿನಲ್ಲಿ ಕೂರಬೇಕು.

ಸ್ಟುಡಿಯೋದ ಸಾಫ್ಟ್‌ವೇರ್ ಎರಡು ಗಂಟೆಗಿಂತ ಹೆಚ್ಚಿಗೆ ಒಪ್ಪುತ್ತಿರಲಿಲ್ಲ. ಅವನು ತನಗೆ ಗೊತ್ತಿದ್ದ ವಿದ್ಯೆಯನ್ನೇ ಪ್ರಯೋಗಿಸಿದ. ಏನೂ ನಡೆಯದ ಒಂಬತ್ತು ಗಂಟೆಯನ್ನು ಕತ್ತರಿಸಿ ಬಿಸಾಡಿ, ಬಾತುಕೋಳಿ ಬಂದದ್ದು, ದನ ನೀರು ಕುಡಿದದ್ದು, ಯಾರೋ ಮುಖ ತೊಳೆದದ್ದು ಉಳಿಸಿದ. ಹಿಂದೆ ಓಲಗ ಸೇರಿಸಿದ.

ಎರಡನೆಯ ದಿನ ಸಂಜೆ ಬಡಗಿ ಮನೆಗೆ ಬಂದಾಗ ಅಕ್ಕ ಟಿವಿಯಿಂದ ಮುಖ ತಿರುಗಿಸಿಬಿಟ್ಟಿದ್ದಳು.

"ಯಾರದೋ ಮದುವೆ ಇದು? ಬಾತುಕೋಳೀದಾ, ಎಮ್ಮೇದಾ? ಏನೂ ಆಗದೆ ಇರೋದನ್ನ ನೋಡೋಕೆ ಅಲ್ವೇನೋ ನಾನು ಕೇಳಿದ್ದು!"

ಮಾತು ಮುಟ್ಟಿದಾಗ ಸ್ಟುಡಿಯೋದವನು ಕಿವಿ ಹಿಡಿದುಕೊಂಡ. ಪುಕ್ಕಟೆಗೆ ಸಿಗುವ ಇನ್ನೊಂದು ಸಾಫ್ಟ್‌ವೇರ್ ಹಾಕಿ ನೋಡಿದ. ಅದು ಹನ್ನೊಂದು ಗಂಟೆಯನ್ನೂ ಹಿಡಿಸಿತು, ಆದರೆ ಎಲ್ಲವನ್ನೂ ಒಂದೇ ಸಮನೆ ಅಮುಕಿ ಹಿಡಿಸಿತು. ಮೂರನೆಯ ದಿನ ಅಕ್ಕ ನೋಡಿದ್ದು ಗಾರೆ ಮೆತ್ತಿದ ನೆಲದಂಥ ನೀರು. ಅಲೆಯಿಲ್ಲ, ತೇಲುವ ಎಲೆಯಿಲ್ಲ. "ಇದು ಕೆರೆಯ ಹೆಣ" ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ತಮ್ಮನಿಗೆ ಹೆದರಿಕೆಯಾದದ್ದು ಅದಕ್ಕೇ.

ನಾಲ್ಕನೆಯ ದಿನ ಬಡಗಿ ಕೆಲಸ ಬಿಟ್ಟು ಸ್ಟುಡಿಯೋದಲ್ಲೇ ಕೂತ. ಸ್ಟುಡಿಯೋದವನು ಯಾರ ಯಾರನ್ನೋ ವಿಚಾರಿಸಿ ಮೂರನೆಯ ಸಾಫ್ಟ್‌ವೇರ್ ಒಂದನ್ನು ತರಿಸಿದ್ದ. ಬೆಳಿಗ್ಗೆ ಚಾಲೂ ಮಾಡಿದ್ದು, ಮಧ್ಯಾಹ್ನವಾದರೂ ಡಿಸ್ಕಿನ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

"ಏನು ಮಾಡ್ತಾ ಇದೆಯಪ್ಪ ಇದು? ನಿದ್ದೆ ಹೋಯ್ತಾ?"

"ನೋಡ್ತಾ ಇದೆ, ಮೇಸ್ತ್ರಿ. ಇದು ಎರಡು ಸಲ ನೋಡೋ ಜಾತಿ. ಮೊದಲನೇ ಸಲ ಬರೀ ನೋಡುತ್ತೆ. ಯಾವುದು ಸುಮ್ಮನಿದೆ, ಯಾವುದು ಅಲುಗಾಡುತ್ತೆ, ಎಷ್ಟು ಅಲುಗಾಡುತ್ತೆ ಅಂತ ಗುರುತು ಹಾಕ್ಕೊಳ್ಳುತ್ತೆ. ಎರಡನೇ ಸಲ ಬರೆಯುತ್ತೆ. ಕಲ್ಲನ್ನ ಒಂದು ಸಲ ಬರೆದು 'ಹಾಗೇ ಇದೆ, ಹಾಗೇ ಇದೆ' ಅಂತ ಮುಂದೆ ಹೋಗುತ್ತೆ. ಮಿಕ್ಕ ಜಾಗವೆಲ್ಲ ನೀರಿಗೆ."

ಬಡಗಿ ಬೀಡಿ ಹಚ್ಚುವುದನ್ನೂ ಮರೆತು ಪರದೆಯನ್ನು ನೋಡಿದ. ಅವನ ಅಕ್ಕನೂ ಹೀಗೆಯೇ. ದಿನಾ ಬೆಳಿಗ್ಗೆ ಏರಿಯ ಮೇಲೆ ಒಂದು ಸುತ್ತು ಬರಿಗೈಯಲ್ಲಿ ಹೋಗಿ ಬರುತ್ತಿದ್ದಳು. ಗುದ್ದಲಿ ಹೆಗಲಿಗೇರುತ್ತಿದ್ದದ್ದು ಎರಡನೆಯ ಸುತ್ತಿಗೆ. "ಎರಡು ಸಲ ಯಾಕೆ ಕಾಲು ಸವೆಸ್ತೀಯ?" ಎಂದು ಅವನೇ ಎಷ್ಟೋ ಸಲ ಆಡಿಕೊಂಡು ನಕ್ಕಿದ್ದ. ಈಗ ಸಣ್ಣ ಫ್ಯಾನು ಗುಂಯ್‌ಗುಡುತ್ತಿದ್ದ ಆ ತಗಡಿನ ಪೆಟ್ಟಿಗೆಯ ಮುಂದೆ ಅವನಿಗೆ ಮೈ ಜುಮ್ಮೆಂದಿತು. ಯಾವ ಊರಿನವನೋ, ಕೆರೆ ಕಂಡಿದ್ದನೋ ಇಲ್ಲವೋ, ಒಬ್ಬ ಕೂತು ಇದನ್ನು ಯೋಚಿಸಿದ್ದಾನೆ.

ಐದನೆಯ ದಿನ ಬೆಳಿಗ್ಗೆ ಏಳಕ್ಕೆ ಅಂಗೈಯಗಲದ ಆ ತಟ್ಟೆಯನ್ನು ಪೆಟ್ಟಿಗೆಯೊಳಗೆ ತಳ್ಳಿದಾಗ ಟಿವಿಯಲ್ಲಿ ಮಂಜು ಇತ್ತು. ಮಂಜಿನ ಅಡಿಯಲ್ಲಿ ನೀರು ಉಸಿರಾಡುತ್ತಿತ್ತು. ಅಕ್ಕ "ಹೂಂ" ಎಂದಳು, ಅಷ್ಟೆ. ತಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಅವಳು ನೋಡಿದಳು. ಬೆಳಗಿನ ಗಾಳಿ ತರಗೆಲೆಗಳನ್ನು ಬಲಕ್ಕೆ ಒಯ್ದಿತು. ಹೊತ್ತೇರಿದಾಗ ಗಾಳಿ ಮಗ್ಗುಲು ಬದಲಿಸಿ ಎಡಕ್ಕೆ ತಂದಿತು. ಬಾತುಕೋಳಿ ಕಲಕಿತು, ದನ ಕಲಕಿದವು. ಪಕ್ಕದ ಮನೆಯವಳು ತಂದಿಟ್ಟ ಊಟ ಆರಿಹೋಯಿತು. ಯಾವ ಒಂದು ಗಂಟೆಯನ್ನು ಹೆಕ್ಕಿಕೊಂಡರೂ ಅದರಲ್ಲಿ ಗಾಳಿಯಾಟವಲ್ಲದೆ ಬೇರೇನೂ ಇರಲಿಲ್ಲ.

ಸಂಜೆ ಬಡಗಿ ಸ್ಟುಡಿಯೋದವನನ್ನೂ ಕರೆದುಕೊಂಡು ಹೊಸಿಲು ದಾಟಿದಾಗ ಪರದೆಯ ಮೇಲೂ ಸಂಜೆಯಾಗುತ್ತಿತ್ತು. ಅಕ್ಕನ ಕಣ್ಣುಗಳು ಕೆಂಪಾಗಿದ್ದವು.

"ತೂಬಿನಿಂದ ಎಡಕ್ಕೆ ಏಳನೇ ಕಲ್ಲು. ಈಗಿನ ನೀರಿಂದ ಒಂದು ಗೇಣು ಕೆಳಗೆ" ಎಂದಳು.

"ಏನು ಕಾಣಿಸ್ತು ತೂಬಿನಕ್ಕ? ನಾನೂ ಅಷ್ಟು ಹೊತ್ತು ನೋಡಿದ್ನಲ್ಲ!" ಎಂದ ಸ್ಟುಡಿಯೋದವನು.

"ಗಾಳಿ ಆ ಕಡೆ ಹೋದಾಗ ಎಲೆ ಆ ಕಡೆ, ಈ ಕಡೆ ಬಂದಾಗ ಈ ಕಡೆ. ಅದು ಸರಿ. ಗಾಳಿ ನಿಂತಾಗೆಲ್ಲ ಎಲ್ಲಿಗೆ ಹೋಗ್ತಾವೆ? ಬೆಳಿಗ್ಗೆ ಒಂದು ಸಲ ನಿಂತಿತು, ಮಧ್ಯಾಹ್ನ ಎರಡು ಸಲ, ಈಗೊಂದು ಸಲ. ನಾಲ್ಕು ಸಲವೂ ಆ ಕಲ್ಲಿನ ಹತ್ರಕ್ಕೇ ಜರುಗಿದ್ವು. ಕೂದಲೆಳೆಯಷ್ಟು ಜರುಗಿದ್ರೂ ಜರುಗಿದ್ದೇ ಅಲ್ವೇ?"

ಇನ್ನೂ ಬೆಳಕಿತ್ತು. ಹೊಲದವರಿಬ್ಬರು ಜೊತೆಗೆ ಬಂದರು. ಏಳನೆಯ ಕಲ್ಲಿನ ಬಳಿ ನೀರಿಗಿಳಿದವನು ಸ್ಟುಡಿಯೋದವನೇ. ಪ್ಯಾಂಟು ಮಡಿಸುವಷ್ಟೂ ತಾಳ್ಮೆ ಇರಲಿಲ್ಲ ಅವನಿಗೆ. ಕಲ್ಲಿನ ಸಂದಿಗೆ ಕೈ ನೀಡಿದ. ನೀರು ಅವನ ಅಂಗೈಯನ್ನು ಮೆಲ್ಲಗೆ ಒಳಕ್ಕೆ ಹೀರಿತು, ಕರು ಬೆರಳು ಚೀಪಿದ ಹಾಗೆ. ಹಿಂದೆಯೇ ಇಳಿದಿದ್ದ ಬಡಗಿಯ ಕೈ ಹಿಡಿದು ಅಲ್ಲಿಗೆ ಒತ್ತಿದ. ಇಬ್ಬರೂ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಸಂದಿಯನ್ನು ತಡವಿ ನೋಡಿದರು. ಏಡಿ ಕೊರೆದ ತೂತು, ಮುಷ್ಟಿಯಗಲ. ಹುಲ್ಲು ಬೆರೆಸಿದ ಜೇಡಿಮಣ್ಣಿನ ಉಂಡೆಗಳನ್ನು ತುರುಕಿ, ಕಲ್ಲು ಹೊಡೆದು ಕೂರಿಸಿದರು. ಮರುದಿನ ತೂಬಿನ ಹತ್ತಿರ ಯಾರೂ ಹೋಗಲಿಲ್ಲ. ಮೂರು ದಿನ ಅಳೆದು ನೋಡಿದರು: ದಿನಕ್ಕೆ ಒಂದೇ ಬೆರಳು.

ಆ ಸುದ್ದಿ ಹೇಳಲು ಬಂದ ಸ್ಟುಡಿಯೋದವನು ಡಿಸ್ಕನ್ನು ವಾಪಸು ಕೇಳಿದ. ಅಂಗಡಿಯಲ್ಲಿ ಇಟ್ಟುಕೊಳ್ಳುವ ಆಸೆ ಅವನಿಗೆ.

"ಇನ್ನೊಂದು ಮಾಡ್ಕೋ ಹೋಗು" ಎಂದಳು ತೂಬಿನಕ್ಕ. "ಅದನ್ನ ಪೆಟ್ಟಿಗೆಗೆ ಹಾಕೋ ತಮ್ಮ. ಅವತ್ತು ತೂತು ನೋಡಿದ್ದಾಯ್ತು. ಇವತ್ತು ಕೆರೆ ನೋಡ್ತೀನಿ."