ಹನ್ನೊಂದನೇ ನಂಬರಿಗೆ ಎರಡು ದಿನದ ಗಡುವು

ನಾನು ಒಂದು ಕಬಡ್ಡಿ ಜೆರ್ಸಿ. ತಿರುಪ್ಪೂರಿನ ಮಿಷನ್ನಿನಡಿ ಹೊಲಿಸಿಕೊಂಡವನು. ಆದರೆ ನಿಜವಾಗಿ ಹುಟ್ಟಿದ್ದು ಹುಬ್ಬಳ್ಳಿ ತಂಡದ ಬಟ್ಟೆ ಕೋಣೆಯಲ್ಲಿ. ತಂಡದ ಬಟ್ಟೆಬರೆ ನೋಡಿಕೊಳ್ಳುವ ದಾವಲಸಾಬರು ಬಿಸಿ ಇಸ್ತ್ರಿ ಒತ್ತಿ ನನ್ನ ಬೆನ್ನಿಗೆ ‘ಫಕೀರೇಶ, ೧೧’ ಎಂದು ಅಂಟಿಸಿದ ದಿನ.

ಫಕೀರೇಶ ರೈಡರ್. ಎದುರಾಳಿಗಳು ನನ್ನ ಅಂಚು ಹಿಡಿದು ಎಳೆಯುತ್ತಿದ್ದರು, ಅದು ತಪ್ಪೆಂದು ಗೊತ್ತಿದ್ದರೂ. ನಾನು ಹರಿದರೂ ಸೈ, ಅವನನ್ನು ಬಿಟ್ಟುಕೊಡುತ್ತಿರಲಿಲ್ಲ. ಅಷ್ಟು ಜಂಬ ನನಗೆ!

ಮೂರನೇ ಸೀಸನ್ನಿನ ನಡುವೆ ಅವನ ಮೊಣಕಾಲು ಊದಿಕೊಂಡಿತು. ಒಂದು ಪಂದ್ಯಕ್ಕೆ ಬದಲಿ ರೈಡರ್ ಬೇಕು, ಪಟ್ಟಿಯಲ್ಲಿ ಜಾಗವಿಲ್ಲ. ಜಾಗ ಮಾಡಲು ಕೋಚ್ ಅವನ ಹೆಸರನ್ನು ‘ವೇವರ್’ಗೆ, ಅಂದರೆ ತಂಡದಿಂದ ಬಿಟ್ಟವರ ಪಟ್ಟಿಗೆ, ಹಾಕಿದರು. ಹಾಗೆ ಹಾಕಿದ ಮೇಲೆ ಎರಡು ದಿನ ಬೇರೆ ಯಾವ ತಂಡವಾದರೂ ಅವನನ್ನು ಕೇಳಿ ಪಡೆಯಬಹುದು. ಅಂಕಪಟ್ಟಿಯಲ್ಲಿ ಕೊನೆಯ ಸ್ಥಾನದ ತಂಡಕ್ಕೆ ಮೊದಲ ಹಕ್ಕು. ಯಾರೂ ಕೇಳದಿದ್ದರೆ ಹಳೆಯ ತಂಡವೇ ಮತ್ತೆ ಸೇರಿಸಿಕೊಳ್ಳಬಹುದು.

“ಊದಿದ ಕಾಲು ಯಾರ್ ಕೇಳ್ತಾರೋ? ಶುಕ್ರವಾರ ಮತ್ತ ನೀ ನಮ್ಮವನ” ಎಂದರು ಕೋಚ್.

ಫಕೀರೇಶ ನನ್ನನ್ನು ಮಡಚಿ ದಾವಲಸಾಬರ ಕೈಗಿಟ್ಟ. “ಚಾಚಾ, ಹೆಸರ ತಗೀಬ್ಯಾಡ್ರಿ. ಬರ್ತೀನಿ.”

“ಯಾರ್ ತಗೀತಾರಪಾ! ಇಲ್ಲೇ ಇರ್ತೈತಿ, ಬಾ.”

ಆ ಎರಡು ದಿನ ಗೂಟಕ್ಕೆ ನೇತಾಡುತ್ತ ನಾನು ಬೇಡಿದ್ದು ಒಂದೇ: ದೇವರೇ, ಅವನನ್ನು ಯಾರೂ ಕೇಳದಿರಲಿ. ಛೇ, ಪ್ರೀತಿಸಿದವನಿಗಾಗಿ ಬೇಡುವುದೇ ಇದು? ಆದರೂ ಬೇಡಿದೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಗಡುವಿಗೆ ಅರ್ಧ ಗಂಟೆ ಇರುವಾಗ, ಕೊನೆಯ ಸ್ಥಾನದ ಕೊಚ್ಚಿ ತಂಡ ಅವನನ್ನು ಕೇಳಿಬಿಟ್ಟಿತು. ಕೋಚ್ ತಲೆಮೇಲೆ ಕೈಹೊತ್ತು ಕೂತರು. ಫಕೀರೇಶ ಮನೆಯಿಂದಲೇ ರೈಲು ಹತ್ತಿದ. ಕೋಣೆಗೆ ಬರಲೇ ಇಲ್ಲ.

ಹೆಸರು ಕಿತ್ತು ನನ್ನನ್ನು ಇನ್ನೊಬ್ಬನಿಗೆ ತೊಡಿಸಬಹುದಿತ್ತು. ಮಾತು ಕೊಟ್ಟಿದ್ದ ದಾವಲಸಾಬರಿಗೆ ಮನಸ್ಸಾಗಲಿಲ್ಲ. ಒಂದು ವರ್ಷ ಗೂಟದಲ್ಲೇ ಇದ್ದೆ. ನನ್ನನ್ನು ಕೇಳುವ ತಂಡ ಯಾವುದೂ ಇರಲಿಲ್ಲ. ಆಮೇಲೆ ತಂಡದ ಬಣ್ಣವೇ ಬದಲಾಯಿತು. ದಾವಲಸಾಬರು ನಿಟ್ಟುಸಿರು ಬಿಟ್ಟು ನನ್ನನ್ನು ಕತ್ತರಿಸಿ, ಮ್ಯಾಟಿನ ಬೆವರು ಒರೆಸುವ ಬಟ್ಟೆ ಮಾಡಿದರು.

ಹೋದ ತಿಂಗಳು ಕೊಚ್ಚಿ ತಂಡ ಇಲ್ಲಿಗೆ ಆಡಲು ಬಂತು. ಅವರ ರೈಡರ್ ಒಬ್ಬ ನಮ್ಮವರ ಹಿಡಿತದಿಂದ ತಪ್ಪಿಸಿಕೊಂಡು, ಗೆರೆ ಮುಟ್ಟಿ ದೊಪ್ಪನೆ ಬಿದ್ದ. ದಾವಲಸಾಬರು ಓಡಿಹೋಗಿ ಅವನು ಬಿದ್ದ ಜಾಗಕ್ಕೆ ನನ್ನನ್ನು ಒತ್ತಿದರು. ಆ ಬೆವರು ನನಗೆ ಗೊತ್ತಿತ್ತು.

“ಆರಾಮ ಅದೀಯೇನಪಾ, ಫಕೀರೇಶ?”

“ಹೂಂ ಚಾಚಾ, ಮೊಣಕಾಲು ಪೂರಾ ಆರಾಮಾತು. ಇಲ್ಲೊಮ್ಮೆ ಒರಸ್ರಿ, ಜಾರತೈತಿ.”

ಅವನು ನನ್ನ ಕಡೆ ನೋಡಲಿಲ್ಲ. ನಾನು ಚೆನ್ನಾಗಿ ಒರೆಸಿದೆ. ಅವನು ಜಾರಬಾರದಲ್ಲ.